ಟ್ರಿಯರ್‌ನ ಆಂಟಿಕೆನ್ ಕಾರ್ಡ್: ಬೇಸಿಕ್ ಸಾಕು, ಉಳಿದದ್ದು ಬಿಟ್ಟಿ ಇದೆ

ಜರ್ಮನಿಯ ಟ್ರಿಯರ್ ಊರಲ್ಲಿ ರೋಮನ್ ಅವಶೇಷಗಳನ್ನು ನೋಡಲು ಒಂದು ಜಂಟಿ ಟಿಕೆಟ್ ಕೊಡುತ್ತಾರೆ. ಆಂಟಿಕೆನ್ ಕಾರ್ಡ್ ಅಂತ ಹೆಸರು. ಹೆಸರು ಉದ್ದ, ವಿಷಯ ಸರಳ. ಬೇಸಿಕ್ ಕಾರ್ಡ್‌ ಕೊಂಡರೆ ಲಾಂಡೆಸ್‌ಮ್ಯೂಸಿಯಂ (ಇಲ್ಲಿನ ಪುರಾತತ್ವ ಮ್ಯೂಸಿಯಂ) ಜೊತೆಗೆ ನಿಮಗೆ ಬೇಕಾದ ಎರಡು ರೋಮನ್ ಕಟ್ಟಡ. ಪ್ರೀಮಿಯಂ ಆದರೆ ಮ್ಯೂಸಿಯಂ ಜೊತೆಗೆ ನಾಲ್ಕೂ ಕಟ್ಟಡ: ಪೋರ್ಟಾ ನೀಗ್ರಾ, ಕೈಸರ್‌ಥೆರ್ಮೆನ್, ಆಂಫಿಥಿಯೇಟರ್ ಮತ್ತು ಫೀಮಾರ್ಕ್ಟ್‌ನ ಸ್ನಾನಗೃಹ. ಒಂದು ದಿನದ ಮಟ್ಟಿಗೆ ಬರುವವರು ಬೇಸಿಕ್ ತೆಗೆದುಕೊಳ್ಳಿ, ಸಾಕು. ಪ್ರೀಮಿಯಂ ಕೊಂಡರೆ ಕೊಟ್ಟ ದುಡ್ಡು ವಸೂಲಿ ಮಾಡುವ ಹಟಕ್ಕೆ ಬಿದ್ದು ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಓಡುತ್ತೀರಿ, ಆ ಗಡಿಬಿಡಿಯಲ್ಲಿ ಈ ಊರಿನ ಅತ್ಯುತ್ತಮ ರೋಮನ್ ಕಟ್ಟಡವನ್ನೇ ಸರಿಯಾಗಿ ನೋಡದೆ ವಾಪಸ್ ಬರುತ್ತೀರಿ. ಯಾಕಂದರೆ ಅದು ಕಾರ್ಡಿನಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಟಿಕೆಟ್ಟೇ ಇಲ್ಲ.

ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಊರಿನ ಹಿನ್ನೆಲೆ ಒಂದಿಷ್ಟು. ಇದು ಮೊಸೆಲ್ ನದಿಯ ದಡದ ಊರು, ಲಕ್ಸೆಂಬರ್ಗ್ ಗಡಿಗೆ ತೀರಾ ಹತ್ತಿರ. ಟ್ರೆವೆರಿ ಅನ್ನುವ ಬುಡಕಟ್ಟಿನವರ ನೆಲದಲ್ಲಿ ಚಕ್ರವರ್ತಿ ಆಗಸ್ಟಸ್ ಕಾಲದಲ್ಲಿ ರೋಮನ್ನರು ಕಟ್ಟಿದ್ದು, ಅದಕ್ಕೇ ಆಗಸ್ಟಾ ಟ್ರೆವೆರೊರುಮ್ ಅಂತ ಹೆಸರಿಟ್ಟರು. ಇಲ್ಲಿನ ಮೊದಲ ಸೇತುವೆಗೆ ಬಳಸಿದ ಮರದ ಉಂಗುರಗಳನ್ನು ಎಣಿಸಿ ನೋಡಿದಾಗ ಕ್ರಿ.ಪೂ. 18-17ರ ಸುಮಾರಿಗೆ ಕಡಿದ ಮರ ಅಂತ ಗೊತ್ತಾಗಿದೆ. 1984ರಲ್ಲಿ ಊರಿನವರು 2000ನೇ ವರ್ಷದ ಹಬ್ಬ ಮಾಡಿದರು. ಇಷ್ಟು ವಯಸ್ಸು ಸಾಲದು ಅಂತ ಅನಿಸಿತೋ ಏನೋ, ಪೇಟೆ ಚೌಕದ ಕೆಂಪು ಮನೆಯ ಗೋಡೆಯ ಮೇಲೆ ಲ್ಯಾಟಿನ್‌ನಲ್ಲಿ ಇನ್ನೊಂದು ಲೆಕ್ಕ ಬರೆದಿದ್ದಾರೆ: ರೋಮ್ ಹುಟ್ಟುವುದಕ್ಕೂ 1300 ವರ್ಷ ಮೊದಲೇ ಟ್ರಿಯರ್ ಇತ್ತಂತೆ. ಶುದ್ಧ ಬೊಗಳೆ. ಆದರೆ ಓದಿ ಖುಷಿಪಡಬಹುದಾದ ಬೊಗಳೆ.

ನಿಜವಾದ ಮಹತ್ವ ಬೇರೆ ಇದೆ. 3ನೇ ಶತಮಾನದ ಕೊನೆಯಿಂದ ಸುಮಾರು ನೂರು ವರ್ಷ ಇಲ್ಲಿ ಚಕ್ರವರ್ತಿಗಳೇ ಬಂದು ಕೂತು ಆಳಿದರು. ಕಾನ್‌ಸ್ಟಂಟೈನ್ ಇದ್ದ, ಆಮೇಲೆ ಒಂದನೇ ವಾಲೆಂಟಿನಿಯನ್, ಅವನ ಮಗ ಗ್ರೇಷಿಯನ್. ಬ್ರಿಟನ್, ಗಾಲ್ (ಈಗಿನ ಫ್ರಾನ್ಸ್ ಕಡೆ), ಸ್ಪೇನ್ ಎಲ್ಲದರ ಆಡಳಿತ ಇಲ್ಲಿಂದ ನಡೆಯುತ್ತಿತ್ತು. 5ನೇ ಶತಮಾನದ ಶುರುವಿನಲ್ಲಿ ಆ ಕಚೇರಿ ದಕ್ಷಿಣದ ಆರ್ಲ್ ಊರಿಗೆ ಹೋಯಿತು, ಟ್ರಿಯರ್ ಸೊರಗಿತು. ಅಂದರೆ ರಾಜಧಾನಿಗೆ ಅಂತ ಕಟ್ಟಿದ ದೈತ್ಯ ಕಟ್ಟಡಗಳು, ಅವನ್ನು ತುಂಬುವಷ್ಟು ಜನ ಇಲ್ಲದ ಒಂದು ಸಣ್ಣ ಊರಿನ ಕೈಗೆ ಉಳಿದವು. ಆ ಜನ ಅವನ್ನು ಏನು ಮಾಡಿಕೊಂಡರು ಅನ್ನುವುದೇ ಟ್ರಿಯರ್‌ನಲ್ಲಿ ನೋಡಬೇಕಾದ ಕತೆ. ಉಪಯೋಗಕ್ಕೆ ಬಂದದ್ದು ನಿಂತಿದೆ. ಬಾರದ್ದನ್ನು ಕಲ್ಲಿಗಾಗಿ ಕಿತ್ತುಕೊಂಡು ಹೋದರು. ಕಾರ್ಡ್‌ನಲ್ಲಿ ಎರಡೂ ಬಗೆಯವು ಇವೆ, ಹಾಗಾಗಿ ಯಾವ ಎರಡನ್ನು ಆರಿಸುತ್ತೀರಿ ಅನ್ನುವುದು ಮುಖ್ಯ.

ಮೊದಲ ಆಯ್ಕೆಯಲ್ಲಿ ಚರ್ಚೆಯೇ ಬೇಡ, ಪೋರ್ಟಾ ನೀಗ್ರಾ. ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಊರಿನ ಉತ್ತರದ ಹೆಬ್ಬಾಗಿಲು ಇದು. ಎತ್ತರ ಸುಮಾರು 30 ಮೀಟರ್, ಅಗಲ 36 ಮೀಟರ್. ಅಡಿಪಾಯದ ಹತ್ತಿರ ಸಿಕ್ಕಿದ ಮರದ ತುಂಡುಗಳಿಂದ ಕ್ರಿ.ಶ. 170ರಲ್ಲಿ ಕೆಲಸ ಶುರುವಾಯಿತು ಅಂತ 2018ರಲ್ಲಿ ಖಚಿತವಾಯಿತು. ಕಲ್ಲುಗಳ ನಡುವೆ ಗಾರೆಯೇ ಇಲ್ಲ. ಒಂದರ ಪಕ್ಕ ಒಂದು ಇಟ್ಟು, ಕಬ್ಬಿಣದ ಕೊಂಡಿ ಹಾಕಿ, ಮೇಲೆ ಸೀಸ ಎರೆದಿದ್ದಾರೆ ಅಷ್ಟೇ. ಗೋಡೆ ತುಂಬಾ ಕಾಣುವ ತೂತುಗಳು ಗುಂಡೇಟಿನವು ಅಂತ ಅಂದುಕೊಳ್ಳಬೇಡಿ. ಮಧ್ಯಯುಗದಲ್ಲಿ ಜನ ಆ ಕಬ್ಬಿಣ, ಸೀಸವನ್ನು ಕೆದಕಿ ತೆಗೆದ ಗುರುತು ಅವು. ಕಲ್ಲು ಮೊದಲು ಇಷ್ಟು ಕಪ್ಪು ಇರಲಿಲ್ಲ, ತಿಳಿ ಬಣ್ಣದ ಮರಳುಗಲ್ಲು, ಕಾಲಕ್ಕೆ ಕಪ್ಪಾಗಿದೆ. ಹತ್ತಿರ ಹೋಗಿ ನೋಡಿದರೆ ಅರ್ಧಂಬರ್ಧ ಕೆತ್ತಿದ ಕಂಬಗಳು ಕಾಣುತ್ತವೆ. ಕೆಲಸ ಮುಗಿಸಲೇ ಇಲ್ಲ! ಇಷ್ಟು ದೊಡ್ಡ ಸಾಮ್ರಾಜ್ಯದವರೂ ಫಿನಿಶಿಂಗ್ ಕೆಲಸ ಬಾಕಿ ಇಟ್ಟು ಹೋಗಿದ್ದಾರೆ ಅಂತ ನೋಡಿದಾಗ ನನಗೆ ವಿಚಿತ್ರ ಸಮಾಧಾನ ಆಯಿತು.

ರೋಮನ್ ಊರಿಗೆ ಇಂಥ ಹೆಬ್ಬಾಗಿಲುಗಳು ನಾಲ್ಕು ಕಡೆಗೂ ಇದ್ದವು. ಉಳಿದವು ಎಲ್ಲಿ? ಕಲ್ಲಾಗಿ ಹೋದವು. ಇದೊಂದು ಉಳಿಯಲು ಕಾರಣ ಒಬ್ಬ ಸನ್ಯಾಸಿ. ಸಿಸಿಲಿಯ ಸಿರಕ್ಯೂಸ್‌ನಲ್ಲಿ ಹುಟ್ಟಿದ ಸಿಮಿಯೋನ್ ಅನ್ನುವ ಗ್ರೀಕ್ ಸನ್ಯಾಸಿ 11ನೇ ಶತಮಾನದಲ್ಲಿ ಇಲ್ಲಿಗೆ ಬಂದು, ಇದರ ಒಂದು ಗೋಪುರದಲ್ಲಿ ತನ್ನನ್ನು ತಾನೇ ಕೂಡಿಹಾಕಿಕೊಂಡ. 1035ರಲ್ಲಿ ಅಲ್ಲೇ ತೀರಿಕೊಂಡ. ಅವನನ್ನು ಸಂತ ಅಂತ ಘೋಷಿಸಿದರು, ಆರ್ಚ್‌ಬಿಷಪ್ ಪೊಪ್ಪೊ ಇಡೀ ಬಾಗಿಲನ್ನೇ ಚರ್ಚ್ ಮಾಡಿಬಿಟ್ಟ. ಅದೂ ಒಂದಲ್ಲ, ಒಂದರ ಮೇಲೊಂದು ಎರಡು ಚರ್ಚ್. ಚರ್ಚ್‌ನ ಕಲ್ಲು ಯಾರು ಕೀಳುತ್ತಾರೆ? ಹೀಗೆ ಸುಮಾರು 750 ವರ್ಷ ಕಳೆಯಿತು. 1804ರಲ್ಲಿ ನೆಪೋಲಿಯನ್ ಬಂದವನು ಚರ್ಚ್ ಭಾಗವನ್ನು ಕೆಡವಿ, ರೋಮನ್ ಬಾಗಿಲನ್ನು ಬಿಡಿಸಿ ಅಂತ ಹೇಳಿದ. ಕೆಡವಿದರು, ಆದರೆ ಪೂರ್ವದ ಕಡೆ 12ನೇ ಶತಮಾನದ ಒಂದು ಅರ್ಧವೃತ್ತದ ಭಾಗವನ್ನು ಹಾಗೇ ಉಳಿಸಿದರು. ಅದು ಇರುವುದರಿಂದಲೇ ಇವತ್ತು ಕಟ್ಟಡ ಎರಡೂ ಕಡೆ ಒಂದೇ ತರಹ ಕಾಣುವುದಿಲ್ಲ. ಒಳಗೆ ಮೇಲಿನ ಅಂತಸ್ತಿನಲ್ಲಿ ರೋಮನ್ ಕಲ್ಲಿನ ಮೇಲೆ 18ನೇ ಶತಮಾನದ ನಾಜೂಕು ಕೆತ್ತನೆಗಳು ಇವೆ, ಸಂತರು, ಪೋಪ್‌ಗಳು. ಬಹಳ ಜನ ಕಿಟಕಿಯಿಂದ ಫೋಟೋ ತೆಗೆದು ಇಳಿದುಬಿಡುತ್ತಾರೆ. ಗೋಡೆಗಳನ್ನೂ ನೋಡಿ. ಮೆಟ್ಟಿಲು ಜಾಸ್ತಿ, ಮಂಡಿನೋವಿನವರಿಗೆ ಕಷ್ಟ.

ಇಲ್ಲಿ ಸೆಂಚುರಿಯನ್, ಅಂದರೆ ರೋಮನ್ ಸೇನಾಧಿಕಾರಿಯ ವೇಷದ ನಟ ನಡೆಸುವ ಪ್ರದರ್ಶನ ಕೂಡ ಇದೆ. ಅದರ ಟಿಕೆಟ್ ಬೇರೆ, ಕಾರ್ಡ್ ನಡೆಯುವುದಿಲ್ಲ. ಕೂಗಾಟ, ಕತ್ತಿ, ಸೈನಿಕರ ಗತ್ತು ಎಲ್ಲ ಇರುತ್ತದೆ, ಮಕ್ಕಳಿಗೆ ತುಂಬಾ ಇಷ್ಟ ಆಗುತ್ತದೆ. ಆದರೆ ಹೆಚ್ಚಾಗಿ ಜರ್ಮನ್‌ನಲ್ಲೇ ನಡೆಯುತ್ತದೆ. ಭಾಷೆ ಬರದಿದ್ದರೆ ಸುತ್ತಲಿನವರು ನಕ್ಕಾಗ ನಾವೂ ಸುಮ್ನೆ ನಗಬೇಕಾಗುತ್ತದೆ. ಇಂಗ್ಲಿಷ್‌ನಲ್ಲಿ ಇರುವ ದಿನ ಯಾವುದು ಅಂತ ಕೇಳಿಕೊಂಡು ಬುಕ್ ಮಾಡಿ.

ಎರಡನೇ ಆಯ್ಕೆಯಲ್ಲೇ ತಲೆ ಕೆಡುವುದು. ಹೆಚ್ಚಿನವರು ಆಂಫಿಥಿಯೇಟರ್ ಅಂತ ಹೆಸರು ಕೇಳಿದ ಕೂಡಲೇ ಅದನ್ನೇ ಆರಿಸುತ್ತಾರೆ. ರೋಮ್‌ನ ಕೊಲೋಸಿಯಂ ತಲೆಯಲ್ಲಿ ಇಟ್ಟುಕೊಂಡು ಹೋದರೆ ನಿರಾಸೆ ಗ್ಯಾರಂಟಿ. ಕಾಣುವುದು ಒಂದು ದೊಡ್ಡ ಹುಲ್ಲಿನ ಬಟ್ಟಲು. ಸುಮಾರು 18,000 ಜನ ಕೂರುತ್ತಿದ್ದ ಜಾಗ, ಈಗ ಕೂರುವ ಕಲ್ಲುಗಳೇ ಇಲ್ಲ. ಎಲ್ಲಿ ಹೋದವು ಅಂತ ದಾಖಲೆಯೇ ಇದೆ: 1211ರಲ್ಲಿ ಹಿಮ್ಮೆರೋಡ್ ಮಠದ ಸನ್ಯಾಸಿಗಳಿಗೆ ಇದನ್ನು ಕಲ್ಲುಗಣಿ ಅಂತ ಬಳಸಿಕೊಳ್ಳಲು ಅನುಮತಿ ಸಿಕ್ಕಿತು. ಸಂತನೊಬ್ಬ ಬಂದು ವಾಸ ಮಾಡಿದ್ದು ಒಂದನ್ನು ಉಳಿಸಿತು, ಸನ್ಯಾಸಿಗಳೇ ಇನ್ನೊಂದನ್ನು ಖಾಲಿ ಮಾಡಿದರು. ಹಾಗಂತ ಇದನ್ನು ಪೂರ್ತಿ ತಳ್ಳಿಹಾಕಬೇಡಿ. ಅಖಾಡದ ನೆಲದ ಕೆಳಗೆ ಬಂಡೆ ಕೊರೆದು ಮಾಡಿದ ನೆಲಮಾಳಿಗೆಗೆ ಇಳಿಯಬಹುದು. ತಣ್ಣಗೆ, ಒದ್ದೆಒದ್ದೆ, ಕತ್ತಲು. ಅಲ್ಲಿ ಸೀಸದ ತಗಡಿನ ಮೇಲೆ ಬರೆದ ಶಾಪಗಳು ಸಿಕ್ಕಿವೆ. ತನಗಾಗದವನು ಹಾಳಾಗಲಿ ಅಂತ ದೇವರಿಗೆ ಬರೆದುಕೊಂಡ ಅರ್ಜಿಗಳು! ಜನ ಸತ್ತ ಜಾಗದಲ್ಲಿ ಹಾಕಿದರೆ ಶಾಪಕ್ಕೆ ಶಕ್ತಿ ಜಾಸ್ತಿ ಅನ್ನುವುದು ಅವರ ನಂಬಿಕೆ. ಸಂಜೆ ಹೊತ್ತಿಗೆ ಮೇಲಿನ ದಿಣ್ಣೆಯಲ್ಲಿ ಕೂತರೆ ಪಕ್ಕದಲ್ಲೇ ದ್ರಾಕ್ಷಿ ತೋಟ, ಗಾಳಿ, ಪ್ರಶಾಂತ. ಸಮಯ ಇದ್ದವರಿಗೆ ಒಳ್ಳೆಯದು. ಊರಿನ ನಡುವಿನಿಂದ ಸ್ವಲ್ಪ ದೂರ ನಡೆಯಬೇಕು.

ನನ್ನ ಕೇಳಿದರೆ ಎರಡನೇ ಆಯ್ಕೆ ಕೈಸರ್‌ಥೆರ್ಮೆನ್, ಅಂದರೆ ಚಕ್ರವರ್ತಿಯ ಸ್ನಾನಗೃಹ. ಇದರ ಕತೆಯೇ ಮಜಾ. ಕ್ರಿ.ಶ. 300ರ ಹೊತ್ತಿಗೆ ಶುರು ಮಾಡಿದರು, ರಾಜಧಾನಿಗೆ ತಕ್ಕ ಸ್ನಾನಗೃಹ ಬೇಕು ಅಂತ. ಗೋಡೆ ಎದ್ದವು, ಬಿಸಿನೀರಿನ ವ್ಯವಸ್ಥೆಗೆ ನೆಲದಡಿ ಓಣಿಗಳು ಆದವು, ಆಮೇಲೆ ಕೆಲಸ ನಿಂತಿತು. ಯಾರೂ ಅಲ್ಲಿ ಸ್ನಾನ ಮಾಡಲೇ ಇಲ್ಲ! 4ನೇ ಶತಮಾನದಲ್ಲೇ ಮುಂದೆ ಅದನ್ನು ಬದಲಾಯಿಸಿ ಸೈನಿಕರಿಗೆ ಬಿಟ್ಟುಕೊಟ್ಟರು ಅಂತ ಹೇಳುತ್ತಾರೆ. ಮಧ್ಯಯುಗದವರು ಇದರ ಗೋಡೆಯನ್ನು ಊರಿನ ಕೋಟೆಗೋಡೆಗೆ ಸೇರಿಸಿಕೊಂಡರು. ಹಾಗಾಗಿ ಸುಮಾರು 19 ಮೀಟರ್ ಎತ್ತರದ ಗೋಡೆ, ಸಾಲು ಸಾಲು ಕಮಾನು ಕಿಟಕಿಗಳ ಸಮೇತ, ಇಂದಿಗೂ ನಿಂತಿದೆ. ಕಲ್ಲು ಮತ್ತು ಇಟ್ಟಿಗೆಯ ಪಟ್ಟೆ ಪಟ್ಟೆ ಗೋಡೆ, ಬಿಸಿಲು ಬಿದ್ದಾಗ ಚೆನ್ನಾಗಿ ಕಾಣುತ್ತದೆ. ಆದರೆ ಅಸಲಿ ವಿಷಯ ಕೆಳಗಿದೆ. ನೆಲದಡಿಯ ಓಣಿಗಳಲ್ಲಿ ನಡೆಯುತ್ತಾ ಹೋದರೆ ದಿಕ್ಕೇ ತಪ್ಪುತ್ತದೆ. ಬೆಂಕಿ ಉರಿಸುವವರು, ಸೌದೆ ಹೊರುವವರು ಓಡಾಡಬೇಕಿದ್ದ ದಾರಿಗಳು ಇವು, ಮೇಲೆ ಮೀಯುವ ದೊಡ್ಡವರ ಕಣ್ಣಿಗೆ ಬೀಳದ ಹಾಗೆ ಮಾಡಿದ್ದು. ರೋಮನ್ ವೈಭವದ ಹಿಂದೆ ಯಾರ ಬೆವರು ಇತ್ತು ಅನ್ನುವುದು ಇಲ್ಲಿ ಗೊತ್ತಾದಷ್ಟು ಇನ್ನೆಲ್ಲೂ ಗೊತ್ತಾಗಲಿಲ್ಲ.

ಫೀಮಾರ್ಕ್ಟ್ ಸ್ನಾನಗೃಹ ಮಳೆ ಬಂದರೆ ಇಟ್ಟುಕೊಳ್ಳಿ. 1987ರಲ್ಲಿ ನೆಲದಡಿ ಪಾರ್ಕಿಂಗ್‌ಗೆ ಅಗೆಯುವಾಗ ಸಿಕ್ಕಿದ್ದು. ಅದರ ಮೇಲೆ ವಾಸ್ತುಶಿಲ್ಪಿ ಓಸ್ವಾಲ್ಡ್ ಮಥಿಯಾಸ್ ಉಂಗರ್ಸ್ ಒಂದು ದೊಡ್ಡ ಗಾಜಿನ ಪೆಟ್ಟಿಗೆ ಕಟ್ಟಿದ್ದಾರೆ, 1998ರಲ್ಲಿ ತೆರೆಯಿತು. ಹೊರಗಿನಿಂದಲೇ ಗಾಜಿನ ಮೂಲಕ ಅರ್ಧ ಕಾಣುತ್ತದೆ. ಅಷ್ಟೇ ಸಾಕು ಅನಿಸಿದರೆ ತಪ್ಪಿಲ್ಲ.

ಈಗ ಮ್ಯೂಸಿಯಂ. ಎರಡೂ ಕಾರ್ಡಿನಲ್ಲಿ ಇರುವ ಲಾಂಡೆಸ್‌ಮ್ಯೂಸಿಯಂ ಒಂದಕ್ಕೇ ಅರ್ಧ ದಿನ ಕೊಡಿ. ಇಲ್ಲಿನ ಹೆಸರುವಾಸಿ ವಸ್ತು ಅಂದರೆ ಚಿನ್ನ. 1993ರಲ್ಲಿ ಕಟ್ಟಡದ ಕೆಲಸಕ್ಕೆ ಅಗೆಯುವ ಯಂತ್ರ ಒಂದು ಪಾತ್ರೆಗೆ ತಗುಲಿತು. 2,500ಕ್ಕೂ ಹೆಚ್ಚು ಚಿನ್ನದ ನಾಣ್ಯ, ಸುಮಾರು 18.5 ಕಿಲೋ. ಸ್ವಲ್ಪ ಭಾಗ ಮಣ್ಣಿನ ಜೊತೆ ಲಾರಿ ಹತ್ತಿ ಹೋಗಿತ್ತು, ಮಣ್ಣು ಸುರಿದ ಕಡೆ ಹುಡುಕಿ ತಂದರು. ನೀರೋ ಕಾಲದಿಂದ 2ನೇ ಶತಮಾನದ ಕೊನೆಯವರೆಗಿನ ನಾಣ್ಯಗಳು. 2019ರಲ್ಲಿ ಕಳ್ಳರು ರಾತ್ರಿ ನುಗ್ಗಿ ಗಾಜು ಒಡೆಯಲು ನೋಡಿದರು, ಗಾಜು ಜಗ್ಗಲಿಲ್ಲ, ಬರಿಗೈಯಲ್ಲಿ ಓಡಿದರು. ಚಿನ್ನ ನೋಡಲೆಂದೇ ಹೋಗುವವರು ನಾಣ್ಯದ ಕೋಣೆ ಆ ದಿನ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ.

ಆದರೆ ನನಗೆ ಚಿನ್ನಕ್ಕಿಂತ ನೋಯ್‌ಮಾಗೆನ್‌ನ ಕಲ್ಲುಗಳೇ ಹೆಚ್ಚು ಇಷ್ಟ. ಅದು ಮೊಸೆಲ್ ನದಿಯಲ್ಲೇ ಕೆಳಗೆ ಇರುವ ಊರು. ಅಲ್ಲಿ 4ನೇ ಶತಮಾನದಲ್ಲಿ ಕೋಟೆ ಕಟ್ಟುವಾಗ ಹಳೆಯ ಶ್ರೀಮಂತರ ಸಮಾಧಿಗಳನ್ನು ಒಡೆದು ಅಡಿಪಾಯಕ್ಕೆ ತುಂಬಿದ್ದರು. ಕೇಳಿದರೆ ಸಿಟ್ಟು ಬರುತ್ತದೆ ಅಲ್ವಾ? ಆದರೆ ಹಾಗೆ ಮಣ್ಣಿನಡಿ ಸೇರಿದ್ದರಿಂದಲೇ ಕೆತ್ತನೆಗಳು ಇಷ್ಟು ಚೆನ್ನಾಗಿ ಉಳಿದವು. ಅದರಲ್ಲಿ ವೈನ್ ಪೀಪಾಯಿ ತುಂಬಿದ ದೋಣಿ ಒಂದು, ಹುಟ್ಟು ಹಾಕುವವರ ಸಾಲು ಸಮೇತ, ಸುಮಾರು ಕ್ರಿ.ಶ. 220ರದ್ದು. ಇನ್ನೊಂದು ಕಲ್ಲಿನಲ್ಲಿ ಗಡ್ಡದ ಮೇಷ್ಟ್ರು, ಎರಡೂ ಪಕ್ಕ ಸುರುಳಿ ಹಿಡಿದು ಓದುತ್ತಿರುವ ಹುಡುಗರು, ಆಮೇಲೆ ತಡವಾಗಿ ಬಂದು ಕೈ ಎತ್ತಿ ನಮಸ್ಕಾರ ಹೇಳುತ್ತಾ ನಿಂತ ಮೂರನೇ ಹುಡುಗ. ಮತ್ತೊಂದರಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತ ಶ್ರೀಮಂತ ಹೆಂಗಸು, ಸುತ್ತ ನಾಲ್ವರು ಆಳುಗಳು, ಒಬ್ಬಳು ತಲೆ ಬಾಚುತ್ತಾಳೆ, ಒಬ್ಬಳು ಕನ್ನಡಿ ಹಿಡಿದಿದ್ದಾಳೆ. ಚಕ್ರವರ್ತಿಗಳ ಮುಖ ನೋಡಿ ನೋಡಿ ಸುಸ್ತಾದವರಿಗೆ ಈ ಕೋಣೆ ಬೇಕು. ಮೊಸಾಯಿಕ್‌ಗಳಲ್ಲಿ ನಾಲ್ಕು ಕುದುರೆಯ ರಥ ಓಡಿಸುವ ಪೊಲಿಡುಸ್ ಅನ್ನುವವನದ್ದನ್ನು ಬಿಡಬೇಡಿ. ಅವನ ಹೆಸರಿನ ಜೊತೆ ಮುಂದಾಳು ಕುದುರೆಯ ಹೆಸರನ್ನೂ ಬರೆದಿದ್ದಾರೆ: ಕಂಪ್ರೆಸ್ಸೋರ್.

ಇನ್ನು ಬಿಟ್ಟಿ ಸಿಗುವವು. ಮೊದಲು ಹೇಳಿದ ಆ ಕಟ್ಟಡ ಕಾನ್‌ಸ್ಟಂಟೈನ್‌ನ ಬೆಸಿಲಿಕಾ. ಚಕ್ರವರ್ತಿಯ ದರ್ಬಾರು ಹಾಲ್ ಅದು, 4ನೇ ಶತಮಾನದ ಶುರುವಿನದ್ದು. ಉದ್ದ 67 ಮೀಟರ್, ಎತ್ತರ 33 ಮೀಟರ್, ನಡುವೆ ಒಂದೇ ಒಂದು ಕಂಬ ಇಲ್ಲ. ಬಾಗಿಲು ದಾಟಿ ಒಳಗೆ ಹೋದ ಕೂಡಲೇ ಮಾತು ನಿಲ್ಲುತ್ತದೆ. ಅದೇ ಅದರ ಉದ್ದೇಶ ಕೂಡ, ಬಂದವನು ಗಾಬರಿಯಾಗಬೇಕು. ಎದುರಿನ ಅರ್ಧವೃತ್ತದ ಭಾಗದಲ್ಲಿ ಕಿಟಕಿಗಳನ್ನು ಬೇಕಂತಲೇ ಚಿಕ್ಕದಾಗಿ, ಸ್ವಲ್ಪ ಕೆಳಗೆ ಇಟ್ಟಿದ್ದಾರೆ, ಹಾಗಾಗಿ ಹಾಲ್ ಇರುವುದಕ್ಕಿಂತ ಉದ್ದ ಕಾಣುತ್ತದೆ, ಸಿಂಹಾಸನದಲ್ಲಿ ಕೂತವನೂ ಇರುವುದಕ್ಕಿಂತ ದೊಡ್ಡವನಾಗಿ ಕಾಣುತ್ತಿದ್ದ. ನೆಲದಡಿ ಮತ್ತು ಗೋಡೆಯೊಳಗೆ ಬಿಸಿಗಾಳಿ ಹರಿಸಿ ಬೆಚ್ಚಗೆ ಇಡುತ್ತಿದ್ದರು. ಆಗ ಒಳಗೆಲ್ಲ ಅಮೃತಶಿಲೆ ಇತ್ತು, ಈಗ ಬರೀ ಇಟ್ಟಿಗೆ. ಮಧ್ಯಯುಗದಲ್ಲಿ ಇದು ಆರ್ಚ್‌ಬಿಷಪ್‌ಗಳ ಕೋಟೆ, 17ನೇ ಶತಮಾನದಲ್ಲಿ ಒಂದೆರಡು ಗೋಡೆ ಕೆಡವಿ ಅರಮನೆಗೆ ಸೇರಿಸಿಕೊಂಡರು, 19ನೇ ಶತಮಾನದಲ್ಲಿ ಪ್ರಷ್ಯದ ರಾಜ ಮತ್ತೆ ಕಟ್ಟಿಸಿ 1856ರಲ್ಲಿ ಪ್ರಾಟೆಸ್ಟೆಂಟರಿಗೆ ಚರ್ಚ್ ಅಂತ ಕೊಟ್ಟ, 1944ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು, ಯುದ್ಧ ಮುಗಿದ ಮೇಲೆ ಒಳಗಿನ ಅಲಂಕಾರ ಏನೂ ಬೇಡ ಅಂತ ಇಟ್ಟಿಗೆಯನ್ನು ಬರಿದಾಗಿಯೇ ಬಿಟ್ಟರು. ಆ ನಿರ್ಧಾರ ಮಾಡಿದವರಿಗೆ ಕೈ ಮುಗಿಯಬೇಕು. ಹೊರಗಿನಿಂದ ನೋಡಿದರೆ ದಕ್ಷಿಣದ ಗೋಡೆಗೆ ಗುಲಾಬಿ ಬಣ್ಣದ ಅರಮನೆ ಅಂಟಿಕೊಂಡಿದೆ, ಗಂಭೀರ ತಾತನ ಪಕ್ಕ ಜರತಾರಿ ಉಟ್ಟ ಮದುಮಗ ನಿಂತ ಹಾಗೆ. ಇದು ಚರ್ಚ್ ಆಗಿ ನಡೆಯುತ್ತಿರುವುದರಿಂದ ಪ್ರಾರ್ಥನೆ ಹೊತ್ತಿನಲ್ಲಿ ಒಳಗೆ ತಿರುಗಾಡಲು ಆಗುವುದಿಲ್ಲ. ಭಾನುವಾರ ಬೆಳಿಗ್ಗೆ ಬೇಡ.

ಕೆಥೆಡ್ರಲ್ ಕೂಡ ಉಚಿತ. ಅದರ ನಡುಭಾಗದ ಗೋಡೆಗಳು 4ನೇ ಶತಮಾನದ ರೋಮನ್ ಗೋಡೆಗಳೇ, ಸುತ್ತ ಬೇರೆ ಬೇರೆ ಕಾಲದವರು ಕಟ್ಟುತ್ತಾ ಹೋಗಿದ್ದಾರೆ. ಬಾಗಿಲ ಹತ್ತಿರ ಬಿದ್ದಿರುವ ದಪ್ಪ ಗ್ರಾನೈಟ್ ಕಂಬದ ತುಂಡು ಆ ಹಳೇ ಚರ್ಚಿನದ್ದು, ಊರಿನ ಮಕ್ಕಳಿಗೆ ಜಾರುಬಂಡಿ. ಚರ್ಚ್ ಅಡಿಯಲ್ಲಿ ಅಗೆದಾಗ ಕಾನ್‌ಸ್ಟಂಟೈನ್ ಕಾಲದ ಬಣ್ಣದ ಚಾವಣಿಯ ಸಾವಿರಾರು ಚೂರುಗಳು ಸಿಕ್ಕವು, ಅವನ್ನು ಜೋಡಿಸಿ ಪಕ್ಕದ ಚರ್ಚ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಅದಕ್ಕೂ ಈ ಕಾರ್ಡಿಗೂ ಸಂಬಂಧ ಇಲ್ಲ, ಬೇರೆ ಟಿಕೆಟ್. ಪ್ರೀಮಿಯಂಗೆ ಕೊಡುವ ಹೆಚ್ಚುವರಿ ದುಡ್ಡು ಅಲ್ಲಿ ಖರ್ಚು ಮಾಡಿ ಅನ್ನುತ್ತೇನೆ.

ಸೇತುವೆಗೆ ಯಾವ ಟಿಕೆಟ್ಟೂ ಇಲ್ಲ, ನಡೆದು ದಾಟಿ. ಕಪ್ಪು ಬಸಾಲ್ಟ್ ಕಲ್ಲಿನ ಕಾಲುಗಳು ಹೆಚ್ಚಿನವು 2ನೇ ಶತಮಾನದ ನಡುವಿನವು, ಮೇಲಿನ ಕಮಾನುಗಳು 18ನೇ ಶತಮಾನದವು. ಮೇಲೆ ಕಾರು, ಬಸ್ಸು ಆರಾಮಾಗಿ ಓಡುತ್ತವೆ. ಮೇಲೆ ನಿಂತರೆ ಏನೂ ಕಾಣುವುದಿಲ್ಲ, ನದಿ ದಡಕ್ಕೆ ಇಳಿದು ನೋಡಿ. ಹತ್ತಿರದಲ್ಲೇ ಬಾರ್ಬರಾಥೆರ್ಮೆನ್ ಇದೆ, 2ನೇ ಶತಮಾನದ ಭಾರೀ ಸ್ನಾನಗೃಹ. ಈಗ ಅಡಿಪಾಯ ಮಾತ್ರ, ಮೇಲೆ ಕಾಲುಸೇತುವೆ ಹಾಕಿ ಬಿಟ್ಟಿ ಬಿಟ್ಟಿದ್ದಾರೆ. ಹತ್ತು ನಿಮಿಷ ಸಾಕು.

ಸೋಮವಾರ ಹೋಗಬೇಡಿ. ಮ್ಯೂಸಿಯಂ ಮುಚ್ಚಿರುತ್ತದೆ, ಮ್ಯೂಸಿಯಂ ಇಲ್ಲದೆ ಕಾರ್ಡಿಗೆ ಅರ್ಥವಿಲ್ಲ. ಚಳಿಗಾಲದಲ್ಲಿ ಹೊರಗಿನ ಜಾಗಗಳನ್ನು ಬೇಗ ಮುಚ್ಚುತ್ತಾರೆ, ಹಾಗಾಗಿ ಬೆಳಿಗ್ಗೆ ಪೋರ್ಟಾ ನೀಗ್ರಾ, ಕೈಸರ್‌ಥೆರ್ಮೆನ್ ಮುಗಿಸಿ ಆಮೇಲೆ ಮ್ಯೂಸಿಯಂ ಹೊಕ್ಕರೆ ಒಳ್ಳೆಯದು. ಕೈಸರ್‌ಥೆರ್ಮೆನ್‌ನಿಂದ ಮ್ಯೂಸಿಯಂ ನಡೆಯುವ ದೂರ. ಲಕ್ಸೆಂಬರ್ಗ್ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಇನ್ನೊಂದು ಲಾಭ: ಆ ದೇಶದೊಳಗೆ ಸಾರಿಗೆ 2020ರಿಂದ ಉಚಿತ, ಗಡಿಯಿಂದ ಈಚೆಗೆ ಮಾತ್ರ ಟಿಕೆಟ್ ಸಾಕು.

ಅದೇ ದಾರಿಯಲ್ಲಿ, ಗಡಿಯಿಂದ ಈಚೆ ಜರ್ಮನಿಯ ಕಡೆಯೇ, ಇಗೆಲ್ ಅನ್ನುವ ಹಳ್ಳಿ ಬರುತ್ತದೆ. ಲೋಕಲ್ ರೈಲು ನಿಲ್ಲುತ್ತದೆ. ರಸ್ತೆ ಬದಿಯಲ್ಲೇ 23 ಮೀಟರ್ ಎತ್ತರದ ಕೆತ್ತನೆಯ ಕಂಬ ಇದೆ, 3ನೇ ಶತಮಾನದ ಬಟ್ಟೆ ವ್ಯಾಪಾರಿಗಳ ಮನೆತನದ ಸಮಾಧಿ. ಇದೊಂದು ಯಾಕೆ ಉಳಿಯಿತು ಗೊತ್ತಾ? ಮಧ್ಯಯುಗದವರು ಇದನ್ನು ಕಾನ್‌ಸ್ಟಂಟೈನ್‌ನ ಅಪ್ಪ ಮತ್ತು ಅಮ್ಮ ಹೆಲೆನಾಳ ಮದುವೆಯ ಸ್ಮಾರಕ ಅಂತ ತಪ್ಪು ತಿಳಿದು ಮುಟ್ಟಲಿಲ್ಲ. ಇದಕ್ಕೂ ಟಿಕೆಟ್ ಇಲ್ಲ. ಬಣ್ಣ ಹಚ್ಚಿದ ಇದರ ನಕಲು ಲಾಂಡೆಸ್‌ಮ್ಯೂಸಿಯಂ ಅಂಗಳದಲ್ಲಿದೆ. ಮೊದಲು ಅದನ್ನು ನೋಡಿಕೊಂಡು ಇಗೆಲ್‌ಗೆ ಹೋದರೆ ಸವೆದ ಕೆತ್ತನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಅಂತ ಗುರುತು ಹಿಡಿಯಬಹುದು.